ಮೀಟರ್ ಆಮೇಲೆ ನೋಡಿ, ಮೊದಲು ಗಾಡಿಯ ಕೆಳಗೆ ಮಲಗಿ

ನೀವು ಕೊಳ್ಳಲು ಹೊರಟಿರುವುದು 1.7 ಟನ್ ಹೊರುವ 2016ರ ಹಳೆಯ ಪಿಕಪ್. ಮೀಟರಿನಲ್ಲಿ 78 ಸಾವಿರ ಕಿಲೊಮೀಟರ್, ಒಬ್ಬರೇ ಮಾಲೀಕರು, ಮಾರುವವನು ಬಳ್ಳಾರಿಯ ದಲ್ಲಾಳಿ, ನಿಮ್ಮದು ಎಂಟು ಎಕರೆ ಭತ್ತ. ಎಂಜಿನ್‌ನಲ್ಲಿ ಏನೇನು ನೋಡಬೇಕು ಎಂದು ಕೇಳಿದ್ದೀರಿ. ವರ್ಷ ಮತ್ತು ಅಂಕಿಗಳನ್ನು ಸ್ವಲ್ಪ ಬದಲಿಸಿದರೆ ಇದು 2019ರ ಏಪ್ರಿಲ್‌ನಲ್ಲಿ ನಾನು ಕಂಡವರನ್ನೆಲ್ಲ ಕೇಳುತ್ತಿದ್ದ ಪ್ರಶ್ನೆ.

ನನ್ನದು ಕಾರಟಗಿ ಹತ್ತಿರದ ಹಳ್ಳಿ. ಟ್ರ್ಯಾಕ್ಟರ್ ಓಡಿಸುವ ನಮ್ಮ ಭಾವನನ್ನು ಜೊತೆಗೆ ಕರೆದುಕೊಂಡು ಬಳ್ಳಾರಿಗೆ ಹೋದೆ. ದಲ್ಲಾಳಿ ಚಹಾ ಕುಡಿಸಿದ, ಗಾಡಿ ತೋರಿಸಿದ. ಭಾವ ಆಯಿಲ್ ಮುಚ್ಚಳ ತೆಗೆದು ನೋಡಿದರು, ಹೊಗೆಯ ಬಣ್ಣ ನೋಡಿದರು, ಗೇರ್ ಹಾಕಿ ನೋಡಿದರು. ಎಲ್ಲವೂ ಸರಿಯಿತ್ತು. ನಿಜ ಹೇಳಬೇಕೆಂದರೆ ಆ ಎಂಜಿನ್ ಕೊನೆಯವರೆಗೂ ನನಗೆ ಒಂದು ದಿನವೂ ಮೋಸ ಮಾಡಲಿಲ್ಲ. ನಾನು ಸುಮ್ಮನೆ ಬಗ್ಗಿ ಕೆಳಗೆ ಇಣುಕಿದೆ. ಚಾಸಿಗೆ, ಅಂದರೆ ಗಾಡಿಯ ಭಾರ ಹೊರುವ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರು, ಮಿರಮಿರ ಮಿಂಚುತ್ತಿತ್ತು. "ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ನೋಡಿ ಭಾವ" ಎಂದೆ. ಆ ಮಾತು ನೆನಪಾದರೆ ಇಂದಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಮೂರು ವರ್ಷ ಹಳೆಯ ಸರಕು ಗಾಡಿಯ ಹೊಟ್ಟೆಗೆ ಯಾರು ಬಣ್ಣ ಬಳಿಯುತ್ತಾರೆ? ಬಾಗಿಲಿನ ಮೇಲಿನ ಗೀರುಗಳನ್ನು ಹಾಗೆಯೇ ಬಿಟ್ಟು, ಯಾರಿಗೂ ಕಾಣದ ಜಾಗಕ್ಕೆ ಮಾತ್ರ ಬಳಿದಿದ್ದಾರೆ ಎಂದರೆ ಅಲ್ಲೇನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ. ಆ ಲೆಕ್ಕ ನನಗೆ ಹೊಳೆಯಲಿಲ್ಲ. 4 ಲಕ್ಷ 15 ಸಾವಿರ ಎಣಿಸಿ ಕೊಟ್ಟು ಬಂದೆ.

ಮೊದಲ ಸುಗ್ಗಿ ಸುಸೂತ್ರವಾಗಿ ಮುಗಿಯಿತು. ಎರಡನೆಯ ಮಳೆಗಾಲದಲ್ಲಿ ಹೊರೆ ಹಾಕಿದಾಗಲೆಲ್ಲ ಕ್ಯಾಬಿನ್ ಹಿಂದೆ ಕಿರ್ ಎಂಬ ಸದ್ದು ಶುರುವಾಯಿತು. ಮುಂದಿನ ಎಡ ಟೈರ್ ಒಂದೇ ಬದಿಯಲ್ಲಿ ಸವೆಯತೊಡಗಿತು. ಎರಡು ಸಲ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ, ದುಡ್ಡು ದಂಡ. ಒಂದು ದಿನ ಕಾಲುವೆ ಸೇತುವೆಯ ಉಬ್ಬು ಹತ್ತಿ ಇಳಿಯುವಾಗ ಕೆಳಗೆ ಟಪ್ಪೆಂದಿತು. ಗ್ಯಾರೇಜಿನವನು ಸ್ಕ್ರೂಡ್ರೈವರ್‌ನಿಂದ ಆ ಕಪ್ಪು ಬಣ್ಣವನ್ನು ಕೆರೆದ. ಅದರಡಿ ವೆಲ್ಡಿಂಗ್ ಗೆರೆ, ಗೆರೆಯ ಮೇಲೆ ತೇಪೆ ಹಾಕಿದ ತಗಡು, ಆ ತಗಡಿನ ಅಂಚಿನಿಂದಲೇ ಹೊರಟ ಹೊಸ ಬಿರುಕು. ಚಾಸಿಯ ಒಳಮೈಗೆ ಬೆರಳು ಹಾಕಿದರೆ ಗಟ್ಟಿಯಾಗಿ ಮೆತ್ತಿಕೊಂಡ ಕೆಂಪು ದೂಳು. ನಮ್ಮದು ಎರೆ ಭೂಮಿ, ನಮ್ಮ ಗಾಡಿಗಳಿಗೆ ಮೆತ್ತುವುದು ಕಪ್ಪು ಮಣ್ಣು. ಅದು ಗಣಿ ಕಡೆ ಹೊರೆ ಹೊತ್ತು ಬಂದ ಗಾಡಿ ಎನ್ನಲು ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಲ್ಲಿ ಒಂದು ಲೆಕ್ಕ ಕೇಳಿ. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ. 1.7 ಟನ್ ಎಂದರೆ 22 ಚೀಲ. ಆದರೆ 40 ಚೀಲ ಹೇರಿಕೊಂಡು ಹೋಗುವ ಪಿಕಪ್‌ಗಳನ್ನು ಸಿಂಧನೂರು ರಸ್ತೆಯಲ್ಲಿ ನೀವೇ ನೋಡಿರುತ್ತೀರಿ. ಅದು ಮೂರು ಟನ್. ಎಂಜಿನ್ ಎಳೆಯುತ್ತದೆ, ಟೈರ್ ತಾಳಿಕೊಳ್ಳುತ್ತದೆ, ಹಿಂದೆ ಒಂದೆರಡು ಕಮಾನು ಪಟ್ಟಿ (ಸ್ಪ್ರಿಂಗ್ ಪಟ್ಟಿ) ಹೆಚ್ಚಿಗೆ ಹಾಕಿಸಿದರೆ ಗಾಡಿ ಕುಗ್ಗಿದಂತೆಯೂ ಕಾಣುವುದಿಲ್ಲ. ಆ ಪೆಟ್ಟನ್ನೆಲ್ಲ ನುಂಗುವುದು ಚಾಸಿಯೇ. ಪ್ರತಿ ಗುಂಡಿಯಲ್ಲೂ ಕ್ಯಾಬಿನ್‌ಗೂ ಹಿಂದಿನ ಬಾಡಿಗೂ ನಡುವಿನ ಜಾಗದಲ್ಲಿ ಅದು ಕೂದಲೆಳೆಯಷ್ಟು ಬಾಗಿ ಮರಳುತ್ತದೆ, ಹಾಗೆ ಸಾವಿರಾರು ಸಲ ಬಾಗಿ ಸೀಳುತ್ತದೆ. ಸೀಳಿದ್ದನ್ನು ವೆಲ್ಡ್ ಮಾಡಿದರೆ ಆಯಿತಲ್ಲ ಎನ್ನುತ್ತಾರೆ. ಆಗುವುದಿಲ್ಲ. ವೆಲ್ಡಿಂಗ್ ಕಾವಿಗೆ ಅಕ್ಕಪಕ್ಕದ ಉಕ್ಕಿನ ಗುಣವೇ ಕೆಡುತ್ತದೆ, ಮುಂದಿನ ಬಿರುಕು ಆ ಗೆರೆಯ ಪಕ್ಕದಲ್ಲಿಯೇ ಏಳುತ್ತದೆ. ನನ್ನ ಗಾಡಿಯಲ್ಲಿ ಆದದ್ದು ಅದೇ. ರಿಪೇರಿಗೆ 52 ಸಾವಿರ, ಕೊಯ್ಲಿನ ಸಮಯದಲ್ಲಿ 19 ದಿನ ಗಾಡಿ ಗ್ಯಾರೇಜಿನಲ್ಲಿ.

ಆದ್ದರಿಂದ ಟಾರ್ಚ್ ಮತ್ತು ಒಂದು ಗೋಣಿಚೀಲ ತೆಗೆದುಕೊಂಡು ಹೋಗಿ. ಚೀಲ ಹಾಸಿ ಗಾಡಿಯ ಕೆಳಗೆ ಮಲಗಿ. ಕ್ಯಾಬಿನ್ ಹಿಂಭಾಗದಿಂದ ಹಿಂದಿನ ಆ್ಯಕ್ಸಲ್‌ವರೆಗೆ ಎರಡೂ ಬದಿಯ ಚಾಸಿಯನ್ನು ಗೇಣು ಗೇಣಾಗಿ ನೋಡಿ. ಬಣ್ಣ ಹೊಸದಾಗಿದ್ದರೆ ಕೆರೆದು ನೋಡುತ್ತೇನೆ ಎನ್ನಿ. ದಲ್ಲಾಳಿ ಬೇಡವೆಂದರೆ ಚಹಾ ಕುಡಿದು ಎದ್ದು ಬನ್ನಿ. ಆಮೇಲೆ ಸಮತಟ್ಟು ಜಾಗದಲ್ಲಿ ಪಕ್ಕಕ್ಕೆ ನಿಂತು ಕ್ಯಾಬಿನ್ ಮತ್ತು ಬಾಡಿಯ ನಡುವಿನ ಸಂದನ್ನು ನೋಡಿ. ಮೇಲೆ ಎಷ್ಟಿದೆಯೋ ಕೆಳಗೂ ಅಷ್ಟೇ ಇರಬೇಕು. ಕಮಾನು ಪಟ್ಟಿಗಳನ್ನು ಎಣಿಸಿ, ಅದೇ ಮಾದರಿಯ ಇನ್ನೊಂದು ಗಾಡಿಯ ಜೊತೆ ಹೋಲಿಸಿ. ಹೆಚ್ಚಿಗೆ ಇದ್ದರೆ ಅದು ಏನು ಹೊತ್ತಿದೆ ಎಂದು ಗೊತ್ತಾಯಿತು. ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಯೊಂದಿಗೆ (ನೋಂದಣಿ ಪತ್ರ) ತಾಳೆ ನೋಡಿ.

ಎಂಜಿನ್ ಬಗ್ಗೆ ಕೇಳಿದ್ದೀರಲ್ಲ, ಅದು ಎರಡು ಮಾತಿನ ವಿಷಯ. ಹೇಳದೆ ಬೆಳಿಗ್ಗೆ ಆರಕ್ಕೆ ಹೋಗಿ ಬಾನೆಟ್ ಮುಟ್ಟಿ ನೋಡಿ, ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ. ನೀಲಿ ಹೊಗೆ ನಿಲ್ಲದೆ ಬಂದರೆ ಬೇಡ. ಮೀಟರ್ ಅಂಕಿಯನ್ನು ನಂಬಬೇಡಿ. ಡಿಜಿಟಲ್ ಮೀಟರನ್ನೂ ಹಿಂದಕ್ಕೆ ತಿರುಗಿಸುವವರಿದ್ದಾರೆ. ಕ್ಲಚ್ ಪೆಡಲ್‌ನ ರಬ್ಬರ್ ನುಣ್ಣಗೆ ಸವೆದಿದ್ದರೆ 78 ಸಾವಿರ ಎಂಬುದು ಕತೆ. ಕಾಗದಗಳನ್ನು ಸರ್ಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ನೋಡಿ. ಸಾಲ ಬಾಕಿ ಕಂಡರೆ ಫಾರ್ಮ್ 35 (ಗಾಡಿಯ ಮೇಲಿನ ಸಾಲ ತೀರಿತು ಎಂಬ ಪತ್ರ) ಕೈಗೆ ಬರುವವರೆಗೆ ಮುಂಗಡವನ್ನೂ ಕೊಡಬೇಡಿ. 2016ರ ಗಾಡಿಗೆ ಎಂಟು ವರ್ಷ ದಾಟಿರುವುದರಿಂದ ಇನ್ನು ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಫಿಟ್‌ನೆಸ್ ಪ್ರಮಾಣಪತ್ರ) ಪ್ರತಿ ವರ್ಷ ಮಾಡಿಸಬೇಕು. ತೇಪೆಯ ಚಾಸಿ ಇಟ್ಟುಕೊಂಡು ಪ್ರತಿ ವರ್ಷ ಆ ತಪಾಸಣೆಗೆ ನಿಲ್ಲುವುದು ಹೇಗಿರುತ್ತದೆ ಎಂದು ಯೋಚಿಸಿ.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಎಂಟು ಎಕರೆಗೆ ನಿಮಗೆ ಪಿಕಪ್ ಏಕೆ? ಭತ್ತ ಒಯ್ಯಲು ವ್ಯಾಪಾರಿಯ ಲಾರಿ ಕಣಕ್ಕೇ ಬರುತ್ತದೆ. ಗೊಬ್ಬರ ತರುವುದು ವರ್ಷಕ್ಕೆ ನಾಲ್ಕು ಸಲ, ಅದಕ್ಕೆ ಬಾಡಿಗೆ ಗಾಡಿ ಸಾಕು. ನಾನೂ "ಉಳಿದ ದಿನ ಬಾಡಿಗೆಗೆ ಓಡಿಸುತ್ತೇನೆ" ಎಂದೇ ಕೊಂಡಿದ್ದೆ. ಓಡಿಸಲು ಚಾಲಕ ಬೇಕು, ಚಾಲಕನಿಗೆ ದಿನವೂ ಕೆಲಸ ಬೇಕು, ಕೆಲಸ ಸಿಗಬೇಕೆಂದರೆ ಪಕ್ಕದವನು 40 ಚೀಲ ಹೇರುವಾಗ ನೀವೂ ಹೇರಬೇಕು. ನಾನು ಬಯ್ಯುತ್ತಿರುವ ಆ ಹಳೆಯ ಮಾಲೀಕ ಮಾಡಿದ್ದೂ ಇದನ್ನೇ ಇರಬೇಕು.

2022ರಲ್ಲಿ ಗಾಡಿ ಮಾರಿದೆ. ಕೊಳ್ಳಲು ಬಂದವರು ಮಸ್ಕಿ ಕಡೆಯ ಹಿರಿಯರು. ನಾನು ವೆಲ್ಡಿಂಗ್ ವಿಷಯ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಹೆಗಲ ಟವೆಲ್ ನೆಲಕ್ಕೆ ಹಾಸಿ ಗಾಡಿಯ ಕೆಳಗೆ ಸರಿದಿದ್ದರು. ಎದ್ದು ಬೆನ್ನಿನ ಮಣ್ಣು ಕೊಡವಿ, ಬಾನೆಟ್ ತೆಗೆಸದೆಯೇ, 2 ಲಕ್ಷ 40 ಸಾವಿರ ಎಂದರು. ನಾನು ಚೌಕಾಸಿ ಮಾಡಲಿಲ್ಲ.