ಗಣಿಯನ್ನು ಬಿಟ್ಟು ಕೆರೆಯನ್ನು ಏಕೆ ಆರಿಸಿದಿರಿ?

ಪ್ರಶ್ನೆ: ನೀವು ಕೋಲಾರ ಜಿಲ್ಲೆಯವರು. ಚಿನ್ನದ ಗಣಿಯಂಥ ದೊಡ್ಡ ವಸ್ತು ಕಣ್ಣೆದುರಿಗೇ ಇರುವಾಗ, ಮುಂದಿನ ಕಾದಂಬರಿಯನ್ನು ಹಳ್ಳಿಯ ಕೆರೆಯೊಂದರ ಸುತ್ತ ಬರೆಯುವುದಾಗಿ ಹೇಳಿದ್ದೀರಿ. ಸ್ಥಳವನ್ನೂ ವಸ್ತುವನ್ನೂ ಕಾದಂಬರಿಕಾರರು ಹೇಗೆ ಆರಿಸಿಕೊಳ್ಳುತ್ತಾರೆ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ಗಣಿಯನ್ನು ಕುರಿತು ಬರೆಯಬೇಕೆಂದು ಎರಡು ವರ್ಷ ಟಿಪ್ಪಣಿ ಮಾಡಿಕೊಂಡದ್ದು ನಿಜ. 1902ರಲ್ಲಿ ಶಿವನಸಮುದ್ರದಿಂದ ಬಂದ ವಿದ್ಯುತ್ತು, ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ಚಾಂಪಿಯನ್ ರೀಫ್ ಗಣಿ, 2001ರ ಫೆಬ್ರುವರಿ 28ರಂದು ಬಿದ್ದ ಬೀಗ, ಇವೆಲ್ಲ ಓದಿ ತಿಳಿಯಬಹುದಾದ ಸಂಗತಿಗಳು. ಆದರೆ ಕಾರ್ಮಿಕರ ಲೈನ್ ಮನೆಗಳ ತಮಿಳು ನನಗೆ ಅರ್ಥವಾಗುತ್ತದೆಯೇ ಹೊರತು, ಪಾಳಿ ಮುಗಿದರೂ ಮನೆಗೆ ಬಾರದ ಮಗನಿಗಾಗಿ ಕಾಯುವ ತಾಯಿ ಆ ಭಾಷೆಯಲ್ಲಿ ಹೇಗೆ ತಳಮಳಿಸುತ್ತಾಳೆ ಎಂಬುದು ನನಗೆ ಒಳಗಿನಿಂದ ಗೊತ್ತಿಲ್ಲ. ಆ ಕಾದಂಬರಿಯನ್ನು ಆ ಲೈನ್ ಮನೆಯಲ್ಲಿ ಬೆಳೆದವರೇ ಬರೆಯಬೇಕು. ಬರೆದರೆ ಮೊದಲ ಸಾಲಿನಲ್ಲಿ ಕುಳಿತು ಓದುವವನು ನಾನು.

ಕೆರೆಯ ವಿಷಯ ಹಾಗಲ್ಲ. ನಮ್ಮೂರ ಕೆರೆಯಂಗಳದಲ್ಲಿ ಜಾಲಿ ಬೆಳೆದದ್ದನ್ನೂ, ಅಚ್ಚುಕಟ್ಟಿನ ಗದ್ದೆಗಳು ನೀಲಗಿರಿ ತೋಪಾದದ್ದನ್ನೂ, ಕೊಳವೆಬಾವಿಗಳು ಸಾವಿರ ಅಡಿ ದಾಟಿದರೂ ಬರೀ ಧೂಳು ಎದ್ದದ್ದನ್ನೂ ಕಂಡು ಬೆಳೆದವನು ನಾನು. ಆದರೂ ಕಂಡದ್ದೆಲ್ಲ ವಸ್ತುವಾಗುವುದಿಲ್ಲ. ಬರ ಒಂದು ಪರಿಸ್ಥಿತಿ ಮಾತ್ರ. ಅದರ ನಡುವೆ ಇಕ್ಕಟ್ಟಿಗೆ ಸಿಕ್ಕ ಒಬ್ಬ ಮನುಷ್ಯ ಕಾಣಿಸುವವರೆಗೆ ಕಾದಂಬರಿ ಹುಟ್ಟದು.

ಆ ಮನುಷ್ಯ ನನಗೆ ಕಾಣಿಸಿದ್ದು ಕೆರೆಯ ನೀರನ್ನು ಗದ್ದೆಗೆ ಬಿಡುವ ತೂಬಿನ ಬಳಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಶುದ್ಧೀಕರಿಸಿದ ಕೊಳಚೆ ನೀರು 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿದ್ದು, ಅಲ್ಲಿಂದ ಒಂದೊಂದೇ ಕೆರೆ ತುಂಬುತ್ತ ಬಂದದ್ದು ನಿಮಗೂ ಗೊತ್ತು. ಅದು ಅಂತರ್ಜಲಕ್ಕೆ ಇಂಗಬೇಕಾದ ನೀರು. ಕೆರೆಯಿಂದ ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ. ಒಂದು ಸಂಜೆ ಏರಿಯ ಮೇಲೆ ಹೋಗುತ್ತಿದ್ದಾಗ, ಹಿಂದೆ ಗದ್ದೆಗಳಿಗೆ ಕೆರೆಯ ನೀರು ಹಂಚುವ ನೀರುಗಂಟಿಯಾಗಿದ್ದ ಹಿರಿಯರೊಬ್ಬರು ತೂಬಿನ ಎರಡು ಕಲ್ಲುಕಂಬಗಳನ್ನು ನೋಡುತ್ತ ಕುಳಿತಿದ್ದರು. ತೂಬು ಮುಚ್ಚುವ ಗೂಟವನ್ನು ಎಳೆದು ಎಳೆದು ಅಡ್ಡಗಲ್ಲಿನ ತೂತು ನುಣ್ಣಗೆ ಸವೆದಿತ್ತು. ನೀರು ಎಷ್ಟನೆಯ ಮೆಟ್ಟಿಲಿಗೆ ಬಂದರೆ ಎಷ್ಟು ಎಕರೆ ಭತ್ತ ಏಳುತ್ತದೆಂದು ಅವರು ಬೆರಳು ಮಡಚಿ ಲೆಕ್ಕ ಹೇಳಿದರು. ಆಮೇಲೆ, “ಕೆರೆ ತುಂಬೈತೆ ಸ್ವಾಮಿ, ಗೂಟ ಮುಟ್ಟಂಗಿಲ್ಲ” ಎಂದರು.

1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತಾದರೂ, ಕಡೆಯ ಗದ್ದೆಗೂ ನೀರು ಮುಟ್ಟಿಸುವ ಕೆಲಸವನ್ನು ರೂಢಿಯಿಂದಲೇ ಮುಂದುವರಿಸಿದ ಮನೆತನಗಳುಂಟು. ಕೆರೆ ಬತ್ತಿದಾಗ ಕೆಲಸ ಕಳೆದುಕೊಂಡವನು ಅದು ತುಂಬಿದಾಗಲೂ ಸುಮ್ಮನೆ ಕೂರಬೇಕಾಗಿದೆ. ಅತ್ತ ಅವನ ಮಗನೇ ಕತ್ತಲಲ್ಲಿ ಮೋಟಾರು ಇಳಿಸಿ ಟೊಮೆಟೊ ತೋಟಕ್ಕೆ ನೀರೆತ್ತಿದರೆ ಅಪ್ಪ ಏನು ಮಾಡುತ್ತಾನೆ? ನನಗಿನ್ನೂ ಉತ್ತರ ಹೊಳೆದಿಲ್ಲ. ಉತ್ತರ ಮೊದಲೇ ಗೊತ್ತಿದ್ದರೆ ಲೇಖನ ಬರೆದು ಮುಗಿಸುತ್ತಿದ್ದೆ, ನಾನೂರು ಪುಟಕ್ಕೆ ಕೂರುತ್ತಿರಲಿಲ್ಲ. ಈ ವಸ್ತುವನ್ನು ಆರಿಸಿಕೊಳ್ಳಲು ಇದೇ ಮುಖ್ಯ ಕಾರಣ.

ಪ್ರಶ್ನೆ: ನಮ್ಮ ಕಡೆ ಮನೆಮಾತು ತೆಲುಗು, ಓದು ಕನ್ನಡ. ಪಾತ್ರಗಳು ಯಾವ ಭಾಷೆಯಲ್ಲಿ ಮಾತನಾಡಬೇಕು? ಊರಿಗೆ ನಿಜವಾದ ಹೆಸರನ್ನೇ ಇಡಬಹುದೇ?
– ವಿದ್ಯಾರ್ಥಿನಿ, ಬಾಗೇಪಲ್ಲಿ

ಉತ್ತರ: ಮಾತು ಕನ್ನಡದಲ್ಲೇ ಇರಲಿ, ಆದರೆ ಅದರ ಲಯ ನಿಮ್ಮ ಮನೆಯದಾಗಿರಲಿ. ನಿಮ್ಮ ಅಜ್ಜಿಯ ತೆಲುಗನ್ನು ಗ್ರಂಥಸ್ಥ ಕನ್ನಡಕ್ಕೆ ತಂದರೆ ಅವರು ಮೇಷ್ಟರಂತೆ ಕೇಳಿಸುತ್ತಾರೆ. ಬೈಗುಳ, ಮುದ್ದಿನ ಕರೆ, ಗಾದೆ, ಈ ಮೂರನ್ನು ತೆಲುಗಿನಲ್ಲೇ ಬಿಟ್ಟು ನೋಡಿ, ಗಡಿನಾಡಿನ ಓದುಗರಿಗೆ ಅಡಿಟಿಪ್ಪಣಿ ಬೇಕಾಗುವುದಿಲ್ಲ. ಊರಿನ ಹೆಸರು ಬದಲಿಸುವುದೇ ಮೇಲು, ಏಕೆಂದರೆ ಒಂದು ಕೆರೆಯ ಜಗಳವನ್ನು ಬರೆದರೆ ಅಕ್ಕಪಕ್ಕದ ಮನೆಯವರು ತಮ್ಮನ್ನೇ ಗುರುತಿಸಿಕೊಳ್ಳುತ್ತಾರೆ. ಜಿಲ್ಲೆ, ಬೆಟ್ಟ, ಸಂತೆಯ ದಿನ ನಿಜವಾಗಿರಲಿ. ನನ್ನ ಕಾದಂಬರಿಯ ಊರಿಗೂ ಇನ್ನೂ ಹೆಸರಿಟ್ಟಿಲ್ಲ. ಸದ್ಯಕ್ಕೆ ಹಸ್ತಪ್ರತಿಯಲ್ಲಿ ಅದು ‘ಕೆರೆಕೆಳಗಿನ ಊರು’ ಎಂದಷ್ಟೇ ಇದೆ.