ನೀರು ಬಿಸಿಯಾದರೆ, ಮಲಿನವಾದರೆ ಸಿಹಿನೀರಿನ ಸಣ್ಣ ಜೀವಿಗಳ ಒಳಗಿನ ಬ್ಯಾಕ್ಟೀರಿಯಾಗಳಿಗೆ ಏನಾಗುತ್ತದೆ?

ಪೆಟ್ಟು ಎರಡು ದಾರಿಯಲ್ಲಿ ಬೀಳುತ್ತದೆ. ನೀರಿಗೆ ಸೇರಿದ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಗಳನ್ನು ನೇರವಾಗಿಯೇ ಕೊಲ್ಲುತ್ತದೆ. ಬಿಸಿ ಏರಿದರೆ ಹಾಗಲ್ಲ. ಪ್ರಾಣಿ ತಿನ್ನುವ ಪ್ರಮಾಣ, ಅದರ ರೋಗನಿರೋಧಕ ಶಕ್ತಿ, ಸುತ್ತಲ ನೀರಿನ ಬ್ಯಾಕ್ಟೀರಿಯಾ ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಹಾಗಾಗಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ.

ಚೆನ್ನಾಗಿ ಅಧ್ಯಯನವಾಗಿರುವುದು ಡಾಫ್ನಿಯಾ, ಅಂದರೆ ನೀರುಚಿಗಟ. ಉದ್ದ ಕೆಲವೇ ಮಿಲಿಮೀಟರ್, ಮೈ ಪಾರದರ್ಶಕ. ಸೂಕ್ಷ್ಮದರ್ಶಕದಡಿ ನೋಡಿದರೆ ಪಾಚಿ ತುಂಬಿದ ಹಸಿರು ಕರುಳು ಹೊರಗಿನಿಂದಲೇ ಕಾಣುತ್ತದೆ. ಅಲ್ಲಿ ಸಾಮಾನ್ಯವಾಗಿ ಲಿಮ್ನೋಹ್ಯಾಬಿಟಾನ್ಸ್ ಎಂಬ ಬ್ಯಾಕ್ಟೀರಿಯಾದ್ದೇ ಮೇಲುಗೈ. ಬ್ಯಾಕ್ಟೀರಿಯಾ ಸೋಂಕದಂತೆ ಬೆಳೆಸಿದ ಡಾಫ್ನಿಯಾ ಗಾತ್ರದಲ್ಲಿ ಚಿಕ್ಕದಾಗಿರುತ್ತದೆ, ಮರಿಗಳೂ ಕಡಿಮೆ.

ಗೊಬ್ಬರ, ಚರಂಡಿ ನೀರು ಸೇರಿದ ಕೆರೆಗಳಲ್ಲಿ ಹೆಚ್ಚುವ ಮೈಕ್ರೋಸಿಸ್ಟಿಸ್ ಎಂಬ ವಿಷಕಾರಿ ನೀಲಿ-ಹಸಿರು ಪಾಚಿಯ ಕತೆ ಇನ್ನೂ ಸ್ವಾರಸ್ಯಕರ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಈ ವಿಷ ತಾಳಿಕೊಳ್ಳುವ ಡಾಫ್ನಿಯಾಗಳ ಕರುಳಿನ ಬ್ಯಾಕ್ಟೀರಿಯಾಗಳನ್ನು ಬ್ಯಾಕ್ಟೀರಿಯಾ ಇಲ್ಲದ ಡಾಫ್ನಿಯಾಗಳಿಗೆ ದಾಟಿಸಿದಾಗ ಅವುಗಳ ತಾಳಿಕೆಯೂ ಹೆಚ್ಚಿತು. ಅಂದರೆ ಬ್ಯಾಕ್ಟೀರಿಯಾ ಬರೀ ಏಟು ತಿನ್ನುವುದಿಲ್ಲ, ಪ್ರಾಣಿಯ ಪರವಾಗಿ ಏಟು ತಡೆಯುತ್ತದೆ ಕೂಡ. ಹೈಡ್ರಾ ಎಂಬ ಸಣ್ಣ ಸಿಹಿನೀರಿನ ಜೀವಿಯಲ್ಲೂ ಅಷ್ಟೇ: ಮೈಮೇಲಿನ ಬ್ಯಾಕ್ಟೀರಿಯಾ ತೆಗೆದುಬಿಟ್ಟರೆ ಶಿಲೀಂಧ್ರ ಸುಲಭವಾಗಿ ಹತ್ತಿಕೊಳ್ಳುತ್ತದೆ.

ಇನ್ನೊಂದು ಮಾತು. ಬ್ಯಾಕ್ಟೀರಿಯಾಗಳ ವೈವಿಧ್ಯ ಕಡಿಮೆಯಾದ ಕೂಡಲೇ ಪ್ರಾಣಿ ಹಾಳಾಯಿತು ಎನ್ನುವ ಲೆಕ್ಕಾಚಾರ ನನಗೆ ಒಪ್ಪಿಗೆಯಿಲ್ಲ. ಒಂದೆರಡು ಬಗೆಯವೇ ತುಂಬಿದ್ದರೂ ಆರೋಗ್ಯವಾಗಿರುವ ಜೀವಿಗಳಿವೆ. ಬೆಳವಣಿಗೆ, ಮರಿಗಳ ಸಂಖ್ಯೆ, ಸಾವು ಇವನ್ನೂ ಜೊತೆಗೆ ಅಳೆದಿದ್ದರೆ ಮಾತ್ರ ಅಂಥ ತೀರ್ಮಾನ ನಂಬಿ.