ಆಪರೇಷನ್‌ನಲ್ಲಿ ಗಡ್ಡೆ ಪೂರ್ತಿ ತೆಗೆದ ಮೇಲೂ ರೇಡಿಯೇಷನ್ ಬೇಕಾ? ಎರಡು ತಿಂಗಳು ಬಿಟ್ಟು ಶುರು ಮಾಡಬಹುದಾ?

ನಿಮ್ಮ ಅಣ್ಣನಿಗೆ ನಾಲಿಗೆ ಕ್ಯಾನ್ಸರ್ ಆಪರೇಷನ್ ಆಗಿ ಮೂರು ವಾರ ಆಯಿತು. ಗಡ್ಡೆಯನ್ನೂ ಕತ್ತಿನ ಗಂಟುಗಳನ್ನೂ (ಲಿಂಫ್ ನೋಡ್) ತೆಗೆದಾಗಿದೆ. ಆದರೂ 30 ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಡಬೇಕು ಅಂತಿದ್ದಾರೆ, ಯಾಕೆ? ಸುಸ್ತಾಗಿದ್ದಾರೆ, ಎರಡು ತಿಂಗಳು ಸುಧಾರಿಸಿಕೊಂಡು ಶುರು ಮಾಡಿದರೆ ಆಗಲ್ವಾ? ಮನೆಯಲ್ಲಿ ಚಿಕ್ಕ ಮಗು ಇದೆ, ಹತ್ತಿರ ಬಿಡಬಹುದಾ? ಇಷ್ಟು ನಿಮ್ಮ ಪ್ರಶ್ನೆ.

ನಾನು ರೇಡಿಯೇಷನ್ ಮೆಷಿನ್ ನಡೆಸುವ ಟೆಕ್ನಾಲಜಿಸ್ಟ್. ಡಾಕ್ಟರ್ ಅಲ್ಲ, ಹಾಗಾಗಿ ನಿಮ್ಮ ಅಣ್ಣನಿಗೆ ಬೇಕೋ ಬೇಡವೋ ಎಂದು ನಾನು ತೀರ್ಮಾನ ಕೊಡುವ ಹಾಗಿಲ್ಲ. ಆದರೆ ಪೇಷಂಟುಗಳು ಡಾಕ್ಟರನ್ನು ಸಾಮಾನ್ಯವಾಗಿ ವಾರಕ್ಕೊಮ್ಮೆ ನೋಡುತ್ತಾರೆ, ನಮ್ಮನ್ನು ದಿನಾ ನೋಡುತ್ತಾರೆ. ಯಾರಿಗೆ ಎಲ್ಲಿ ಕಷ್ಟ ಆಗುತ್ತದೆ, ಯಾರು ಯಾಕೆ ಅರ್ಧಕ್ಕೆ ನಿಲ್ಲಿಸುತ್ತಾರೆ ಅನ್ನೋದು ನಮ್ಮ ಕಣ್ಣೆದುರೇ ನಡೆಯುತ್ತದೆ. ಅದನ್ನು ಹೇಳಬಲ್ಲೆ.

ಮಗುವಿನ ವಿಷಯ ಮೊದಲು ಮುಗಿಸುತ್ತೇನೆ, ಅದು ಸುಲಭ. ಧಾರಾಳವಾಗಿ ಎತ್ತಿಕೊಳ್ಳಲಿ. ಹೊರಗಿನ ಮೆಷಿನ್‌ನಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮೆಷಿನ್ ನಿಂತ ಕ್ಷಣ ಅದೂ ಮುಗಿಯಿತು. ಕಿರಣ ಬಿಡುವಾಗ ನಾವು ಕೋಣೆಯಿಂದ ಹೊರಗೆ ಹೋಗುವುದನ್ನು ನೋಡಿ ಎಷ್ಟೋ ಜನ ಗಾಬರಿಯಾಗುತ್ತಾರೆ. ನಮಗೆ ಇದು ದಿನಾ, ವರ್ಷಾನುಗಟ್ಟಲೆ ಮಾಡುವ ಕೆಲಸ, ಅದಕ್ಕೆ ಹೋಗುತ್ತೇವೆ ಅಷ್ಟೇ. ಮುಗಿದ ತಕ್ಷಣ ಒಳಗೆ ಬಂದು ಪೇಷಂಟನ್ನು ಕೈಹಿಡಿದು ಎಬ್ಬಿಸುವವರೂ ನಾವೇ. ಜೊತೆಗೆ ಕಿಮೋ ಇದ್ದರೆ ಅದರ ನಂತರದ ಒಂದೆರಡು ದಿನ ಏನು ಎಚ್ಚರ ಬೇಕು ಎಂದು ನರ್ಸ್ ಹೇಳುತ್ತಾರೆ. ಮಗುವಿಗೆ ನೆಗಡಿ, ಜ್ವರ ಇದ್ದಾಗ ದೂರ ಇಡಿ, ಅದು ಅಣ್ಣನ ಒಳ್ಳೆಯದಕ್ಕೆ.

ಇನ್ನು 'ಪೂರ್ತಿ ತೆಗೆದ ಮೇಲೂ ಯಾಕೆ' ಅನ್ನೋದು. ಸರ್ಜನ್ ಕಣ್ಣಿಗೆ ಕಂಡ ಗಡ್ಡೆಯನ್ನೂ ಅದರ ಸುತ್ತಲಿನ ಒಂದಿಷ್ಟು ಒಳ್ಳೆಯ ಭಾಗವನ್ನೂ ಸೇರಿಸಿ ತೆಗೆದಿರುತ್ತಾರೆ. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಅಂಚಿನಲ್ಲೋ ಕತ್ತಿನಲ್ಲೋ ಉಳಿದಿರಬಹುದಾ ಎನ್ನುವ ಅಂದಾಜು ಸಿಗುವುದು ಆಪರೇಷನ್ ನಂತರ ಬರುವ ಬಯಾಪ್ಸಿ ರಿಪೋರ್ಟ್‌ನಿಂದ. ಎಲ್ಲರಿಗೂ ರೇಡಿಯೇಷನ್ ಬೇಕಾಗುವುದಿಲ್ಲ. ಗಡ್ಡೆ ಚಿಕ್ಕದು, ಅಂಚು ಕ್ಲಿಯರ್, ಗಂಟುಗಳಲ್ಲಿ ಏನೂ ಇಲ್ಲ ಅಂದರೆ ಎಷ್ಟೋ ಸಲ ಆಪರೇಷನ್‌ಗೇ ಮುಗಿಯುತ್ತದೆ. ನಿಮ್ಮ ಅಣ್ಣನಿಗೆ ಹೇಳಿದ್ದಾರೆ ಅಂದರೆ ಆ ರಿಪೋರ್ಟ್‌ನಲ್ಲಿ ಏನೋ ಇದೆ.

ಆ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ಡಾಕ್ಟರ್ ಹತ್ತಿರ ಕೂತು ಕೇಳಿ. ಗಡ್ಡೆ ಎಷ್ಟು ದೊಡ್ಡದಿತ್ತು, ಎಷ್ಟು ಆಳಕ್ಕೆ ಇಳಿದಿತ್ತು? ಮಾರ್ಜಿನ್, ಅಂದರೆ ಗಡ್ಡೆಯ ಸುತ್ತ ತೆಗೆದ ಒಳ್ಳೆಯ ಭಾಗದ ಅಂಚು, ಎಷ್ಟು ಮಿಲಿಮೀಟರ್ ಸಿಕ್ಕಿದೆ? ಸಾಮಾನ್ಯವಾಗಿ 5 ಮಿ.ಮೀ. ಅಥವಾ ಜಾಸ್ತಿ ಇದ್ದರೆ ಕ್ಲಿಯರ್ ಅನ್ನುತ್ತಾರೆ, ಅದಕ್ಕಿಂತ ಕಡಿಮೆ ಇದ್ದರೆ ಕ್ಲೋಸ್, ಅಂದರೆ ಅಂಚಿಗೆ ತೀರಾ ಹತ್ತಿರ. ನರದ ಗುಂಟ, ಸಣ್ಣ ರಕ್ತನಾಳದ ಒಳಗೆ ಹೋಗಿದೆಯಾ? ಕತ್ತಿನಿಂದ ತೆಗೆದ ಗಂಟುಗಳಲ್ಲಿ ಎಷ್ಟರಲ್ಲಿ ಕ್ಯಾನ್ಸರ್ ಇತ್ತು? ಗಂಟಿನ ಹೊರಗಿನ ಪದರ ಒಡೆದು ಆಚೆ ಬಂದಿತ್ತಾ? ಈ ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಪದರ ದಾಟಿದ್ದರೆ, ಅಥವಾ ಅಂಚಿನಲ್ಲೇ ಕ್ಯಾನ್ಸರ್ ಕಂಡಿದ್ದರೆ, ರೇಡಿಯೇಷನ್ ಜೊತೆಗೆ ಸಿಸ್‌ಪ್ಲಾಟಿನ್ ಎನ್ನುವ ಕಿಮೋನೂ ಕೊಡುವುದು ರೂಢಿ. ಇದು ಯಾರೋ ಒಬ್ಬ ಡಾಕ್ಟರ ಅಭಿಪ್ರಾಯ ಅಲ್ಲ. 2004ರಲ್ಲಿ ಯುರೋಪಿನ ಒಂದು, ಅಮೆರಿಕದ ಒಂದು, ಹೀಗೆ ಎರಡು ದೊಡ್ಡ ಅಧ್ಯಯನಗಳು ಪ್ರಕಟವಾದವು. ಆಮೇಲೆ ಎರಡನ್ನೂ ಸೇರಿಸಿ ನೋಡಿದಾಗ ಕಿಮೋದಿಂದ ಹೆಚ್ಚು ಲಾಭ ಕಂಡಿದ್ದು ಈ ಎರಡು ಗುಂಪಿನವರಿಗೇ. ಆದರೆ ಕಿಡ್ನಿ ಸರಿಯಿಲ್ಲದಿದ್ದರೆ, ಕಿವಿ ಕೇಳಿಸುವುದು ಕಡಿಮೆ ಇದ್ದರೆ ಮೊದಲೇ ಹೇಳಿಬಿಡಿ. ಸಿಸ್‌ಪ್ಲಾಟಿನ್ ಎರಡಕ್ಕೂ ಪೆಟ್ಟು ಕೊಡಬಲ್ಲದು.

30 ಸಲ ಅಂದರೆ ದಿನಕ್ಕೆ 2 ಗ್ರೇ (ರೇಡಿಯೇಷನ್ ಡೋಸ್ ಅಳೆಯುವ ಮಾನ) ಲೆಕ್ಕದಲ್ಲಿ ಒಟ್ಟು 60 ಗ್ರೇ. ವಾರಕ್ಕೆ 5 ದಿನ, 6 ವಾರ. ಅಪಾಯ ಜಾಸ್ತಿ ಇರುವ ಜಾಗಕ್ಕೆ 66ರವರೆಗೂ ಹೋಗುತ್ತಾರೆ.

ಎರಡು ತಿಂಗಳು ಬಿಡಬಹುದಾ ಅಂದರೆ, ಬೇಡ. ಆಪರೇಷನ್ ಆದ 6 ವಾರದೊಳಗೆ ಶುರುವಾಗಬೇಕು ಅನ್ನೋದು ಗುರಿ. ಗಾಯ ಮಾಗಿಲ್ಲ, ಸೋಂಕಾಗಿದೆ ಅಂತ ಡಾಕ್ಟರೇ ಮುಂದಕ್ಕೆ ಹಾಕಿದರೆ ಅದು ಬೇರೆ ಮಾತು. ಸುಮ್ನೆ ಸುಸ್ತು ಅಂತ ಕಾಯಬೇಡಿ. ಈಗಾಗಲೇ ಮೂರು ವಾರ ಕಳೆದಿದೆ, ಮೆಷಿನ್ ಹತ್ತುವ ಮೊದಲು ಮಾಡಬೇಕಾದ ಕೆಲಸ ಇನ್ನೂ ಬೇಕಾದಷ್ಟಿದೆ.

ಅದರಲ್ಲಿ ಮೊದಲನೆಯದು ಹಲ್ಲು. ಹಾಳಾದ ಹಲ್ಲನ್ನು ಈಗಲೇ ಕೀಳಿಸಬೇಕು. ಕಿತ್ತ ಜಾಗ ಮಾಗಲು ಎರಡು ವಾರದಷ್ಟು ಸಮಯ ಬೇಕು. ರೇಡಿಯೇಷನ್ ಬಿದ್ದ ದವಡೆಯ ಮೂಳೆಗೆ ರಕ್ತ ಓಡಾಟ ಕಡಿಮೆಯಾಗುತ್ತದೆ. ಆಮೇಲೆ ಹಲ್ಲು ಕಿತ್ತರೆ ಗಾಯ ಮಾಗದೆ ಮೂಳೆಯೇ ಕೊಳೆಯುವ ಅಪಾಯ ಇದೆ. ಈ ಅಪಾಯ ಒಂದೆರಡು ವರ್ಷಕ್ಕೆ ಹೋಗುವುದಿಲ್ಲ, ಜೀವನ ಪೂರ್ತಿ ಇರುತ್ತದೆ. ಮುಂದೆ ಯಾವ ಡೆಂಟಿಸ್ಟ್ ಹತ್ತಿರ ಹೋದರೂ 'ನನಗೆ ಇಲ್ಲಿ ರೇಡಿಯೇಷನ್ ಆಗಿದೆ' ಅನ್ನೋದೇ ಅಣ್ಣನ ಮೊದಲ ಮಾತಾಗಿರಲಿ.

ಎರಡನೆಯದು ಮಾಸ್ಕ್. ಒಂದು ಬಗೆಯ ಪ್ಲಾಸ್ಟಿಕ್ ಹಾಳೆ, ತುಂಬಾ ತೂತುಗಳಿರುತ್ತವೆ. ಬಿಸಿನೀರಿನಲ್ಲಿ ಹಾಕಿದರೆ ಮೆತ್ತಗಾಗುತ್ತದೆ. ತೆಗೆದು ಒರೆಸಿ ಮುಖದ ಮೇಲೆ ಎಳೆದಾಗ ಒದ್ದೆ ಬಟ್ಟೆಯ ಹಾಗೆ ಬೆಚ್ಚಗೆ ಕೂರುತ್ತದೆ. ಮೂಗು, ಗಲ್ಲ, ಭುಜದ ಆಕಾರಕ್ಕೆ ಒತ್ತಿ ಹಿಡಿಯುತ್ತೇವೆ. ಕೆಲವು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಹಾಗೇ ಸಿಟಿ ಸ್ಕ್ಯಾನ್ ಮಾಡಿ ಮಾಸ್ಕ್ ಮೇಲೆ ಗುರುತು ಹಾಕುತ್ತೇವೆ. ದಿನಾ ಅದೇ ಮಾಸ್ಕ್ ಹಾಕಿ ಟೇಬಲ್‌ಗೆ ಕ್ಲಿಪ್ ಮಾಡುತ್ತೇವೆ. ತಲೆ ಕೆಲವು ಮಿಲಿಮೀಟರ್ ಅಲ್ಲಾಡಿದರೂ ಲೆಕ್ಕ ತಪ್ಪುತ್ತದೆ, ಅದಕ್ಕೆ ಅಷ್ಟು ಬಿಗಿ. ಮುಚ್ಚಿದ ಜಾಗ ಅಂದರೆ ಭಯ ಇದ್ದರೆ ಮಾಸ್ಕ್ ಮಾಡುವ ದಿನವೇ ಹೇಳಲಿ. ಎಷ್ಟೋ ಕಡೆ ಕಣ್ಣಿನ ಭಾಗ ಕತ್ತರಿಸಿ ಕೊಡುತ್ತಾರೆ, ಬೇಕಾದರೆ ಡಾಕ್ಟರ್ ಒಂದು ಸಣ್ಣ ಮಾತ್ರೆ ಬರೆಯುತ್ತಾರೆ. ನಾವು ಹೊರಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಲೇ ಇರುತ್ತೇವೆ. ಕೈ ಎತ್ತಿದರೆ ನಿಲ್ಲಿಸಿ ಒಳಗೆ ಬರುತ್ತೇವೆ. ಕಿರಣ ಬೀಳುವಾಗ ನೋವಿಲ್ಲ, ಶಾಕ್ ಇಲ್ಲ, ಬಿಸಿ ಇಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿದ್ದು. ಶುರುವಾದ ಮೇಲೆ ಮಧ್ಯೆ ಗ್ಯಾಪ್ ಬೀಳಬಾರದು. ಟ್ರೀಟ್‌ಮೆಂಟ್ ಶುರುವಾಗಿ ಮೂರ್ನಾಲ್ಕು ವಾರ ಆಗುವಷ್ಟರಲ್ಲಿ ಉಳಿದ ಕ್ಯಾನ್ಸರ್ ಕಣಗಳು ಮೊದಲಿಗಿಂತ ಜೋರಾಗಿ ಬೆಳೆಯಲು ಶುರು ಮಾಡುತ್ತವೆ. ಆ ಹೊತ್ತಿನಲ್ಲಿ ಒಂದು ವಾರ ಬಿಟ್ಟರೆ ಅವಕ್ಕೆ ನಾವೇ ಸಮಯ ಕೊಟ್ಟ ಹಾಗಾಗುತ್ತದೆ. ಕೊನೆಯಲ್ಲಿ ಸಂಖ್ಯೆ 30 ಆಯಿತಲ್ಲ ಅಂದರೆ ಸಾಲದು. ಮೆಷಿನ್ ಕೆಟ್ಟು ಒಂದು ದಿನ ತಪ್ಪಿದರೆ ಆ ಟ್ರೀಟ್‌ಮೆಂಟನ್ನು ರಜಾ ದಿನದಲ್ಲಿ ಕೊಡುವುದು, ಇಲ್ಲವೇ 6 ಗಂಟೆಗಿಂತ ಕಡಿಮೆ ಇಲ್ಲದ ಅಂತರದಲ್ಲಿ ಒಂದೇ ದಿನ ಎರಡು ಸಲ ಕೊಡುವುದು, ಹೀಗೆ ನಾವೇ ಸರಿದೂಗಿಸಲು ನೋಡುತ್ತೇವೆ. ಪೇಷಂಟೇ ಬರದಿದ್ದರೆ ಮಾಡಲು ಏನೂ ಇರುವುದಿಲ್ಲ.

ಜನ ಬಿಡುವುದು ಯಾಕೆ ಅಂದರೆ ಬಾಯಿ ಹುಣ್ಣು, ಅದರಿಂದ ತಿನ್ನಲಾಗದೆ ಬರುವ ನಿಶ್ಶಕ್ತಿ. ಮೊದಲ ವಾರ ಎಲ್ಲರೂ 'ಇಷ್ಟೇನಾ' ಅನ್ನುತ್ತಾರೆ. ಎರಡನೇ ವಾರದ ಕೊನೆಗೆ ರುಚಿ ಹೋಗುತ್ತದೆ, ಎಂಜಲು ಅಂಟಂಟಾಗುತ್ತದೆ. ಮೂರನೇ ವಾರದಿಂದ ಹುಣ್ಣು. ಐದು, ಆರನೇ ವಾರ ನಿಜವಾಗಿ ಕಷ್ಟ, ನೀರು ನುಂಗಿದರೂ ಉರಿ. ಕತ್ತಿನ ಚರ್ಮ ಕಪ್ಪಾಗಿ ಅಲ್ಲಲ್ಲಿ ಸುಲಿಯಬಹುದು. ಇಲ್ಲಿ ಬಹಳ ಜನ ಹಲ್ಲು ಕಚ್ಚಿ ತಡೆದುಕೊಳ್ಳುತ್ತಾರೆ, ಕೇಳಿದರೆ 'ಪರವಾಗಿಲ್ಲ' ಅಂತ ತಲೆ ಆಡಿಸುತ್ತಾರೆ. ನನಗೆ ಇದು ನೋಡಲಿಕ್ಕಾಗುವುದಿಲ್ಲ. ನೋವಿಗೆ ಔಷಧಿ ಇದೆ. ಮಾಮೂಲಿ ಮಾತ್ರೆ ಸಾಲದಿದ್ದರೆ ಮಾರ್ಫಿನ್ ತರಹದ್ದೂ ಕೊಡುತ್ತಾರೆ. ಡಾಕ್ಟರ್ ಹೇಳಿದ ಪ್ರಮಾಣದಲ್ಲಿ ಕೆಲವು ವಾರ ತೆಗೆದುಕೊಂಡು, ಹುಣ್ಣು ಮಾಗಿದಂತೆ ಅವರು ಹೇಳಿದ ಹಾಗೆ ಇಳಿಸುತ್ತಾ ಬಂದರೆ ಚಟ ಹತ್ತುತ್ತದೆ ಎಂದು ಹೆದರಬೇಕಿಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ನೋವಿನ ಔಷಧಿ ತೆಗೆದುಕೊಂಡರೆ ನಾಲ್ಕು ತುತ್ತು ಜಾಸ್ತಿ ಇಳಿಯುತ್ತದೆ.

ಬಾಯಿ ಮುಕ್ಕಳಿಸುವುದನ್ನು ಹುಣ್ಣು ಬರುವ ಮೊದಲೇ, ಮೊದಲ ದಿನದಿಂದಲೇ ರೂಢಿ ಮಾಡಿಸಿ. ಒಂದು ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ. ಎಚ್ಚರವಿದ್ದಾಗ ಎರಡು ಮೂರು ಗಂಟೆಗೊಮ್ಮೆ. ಅಂಗಡಿಯಲ್ಲಿ ಸಿಗುವ ಆಲ್ಕೋಹಾಲ್ ಇರುವ ಮೌತ್‌ವಾಶ್ ಮುಟ್ಟಬೇಡಿ, ಬೆಂಕಿ ಇಟ್ಟ ಹಾಗಾಗುತ್ತದೆ. ಖಾರ, ಹುಳಿ, ತೀರಾ ಬಿಸಿ ಬೇಡ. ಮೆತ್ತಗಿನ, ಪ್ರೋಟೀನ್ ಇರುವ ಆಹಾರವನ್ನು ಸ್ವಲ್ಪ ಸ್ವಲ್ಪವೇ ಹಲವು ಸಲ. ಬೀಡಿ, ಸಿಗರೇಟು, ತಂಬಾಕು, ಕುಡಿತ ಇದ್ದರೆ ಇವತ್ತೇ ನಿಲ್ಲಬೇಕು. ಸೇದುತ್ತಾ ರೇಡಿಯೇಷನ್ ತೆಗೆದುಕೊಂಡವರಲ್ಲಿ ಅದು ಕೆಲಸ ಮಾಡುವುದೂ ಕಡಿಮೆ, ಹುಣ್ಣೂ ಜಾಸ್ತಿ.

ತೂಕ ಇಳಿದರೆ ನಮಗೆ ಮಾಸ್ಕ್‌ನಲ್ಲೇ ಗೊತ್ತಾಗುತ್ತದೆ. ಮೊದಲ ವಾರ ಗಲ್ಲಕ್ಕೆ ಅಂಟಿ ಕೂತಿದ್ದ ಮಾಸ್ಕ್ ಒಳಗೆ ಆಮೇಲೆ ಬೆರಳು ಹೋಗುವಷ್ಟು ಜಾಗ ಆಗುತ್ತದೆ. ಹಾಗಾದರೆ ಕಿರಣ ಸರಿಯಾದ ಜಾಗಕ್ಕೆ ಬೀಳುತ್ತಿದೆಯಾ ಎಂದು ಮತ್ತೆ ನೋಡಬೇಕು. ಕೆಲವರಿಗೆ ಹೊಸ ಮಾಸ್ಕ್, ಹೊಸ ಸ್ಕ್ಯಾನ್, ಹೊಸ ಪ್ಲಾನ್ ಎಲ್ಲ ಬೇಕಾಗುತ್ತದೆ. ಅದಕ್ಕೇ ತೂಕ ಬೀಳುತ್ತಾ ಇದ್ದು ಡಾಕ್ಟರ್ ಮೂಗಿನಿಂದಲೋ ಹೊಟ್ಟೆಗೆ ನೇರವಾಗಿಯೋ ಟ್ಯೂಬ್ ಹಾಕೋಣ ಅಂದರೆ ಸೋತುಹೋದೆವು ಅಂದುಕೊಳ್ಳಬೇಡಿ. ಟ್ಯೂಬ್ ಇದ್ದವರು ನಡೆದುಕೊಂಡು ಬಂದು 30 ಮುಗಿಸಿ ಹೋಗುತ್ತಾರೆ. ಬೇಡ ಅಂದವರಲ್ಲಿ ಕೆಲವರು ಡ್ರಿಪ್ ಹಾಕಿಸಿಕೊಂಡು ವಾರ್ಡ್‌ನಲ್ಲಿ ಮಲಗಿರುತ್ತಾರೆ, ಇತ್ತ ಮೆಷಿನ್ ದಿನಗಳು ತಪ್ಪುತ್ತವೆ. ಟ್ಯೂಬ್ ಇದ್ದರೂ ದಿನಾ ಸ್ವಲ್ಪ ಬಾಯಿಂದ ನುಂಗುತ್ತಿರಲಿ, ಇಲ್ಲದಿದ್ದರೆ ಗಂಟಲಿನ ಸ್ನಾಯು ಕೆಲಸ ಮರೆಯುತ್ತದೆ. ಬಾಯಿಂದ ಕೊಟ್ಟರೆ ಶ್ವಾಸನಾಳಕ್ಕೆ ಹೋಗುತ್ತದೆ ಅಂತ ಡಾಕ್ಟರ್ ಬೇಡ ಎಂದಿದ್ದರೆ ಮಾತ್ರ ಬೇಡ.

ಕೊನೆಯ ದಿನ ಮುಗಿಯಿತು ಅಂತ ಎಲ್ಲರೂ ಖುಷಿಯಲ್ಲಿ ಹೋಗುತ್ತಾರೆ. ನಾನು ಪ್ರತಿಯೊಬ್ಬರಿಗೂ ಹೇಳುವುದು, ಮುಂದಿನ ಎರಡು ವಾರ ಇನ್ನೂ ಹೀಗೇ ಇರಬಹುದು, ಸ್ವಲ್ಪ ಹೆಚ್ಚೂ ಆಗಬಹುದು. ಅದು ಟ್ರೀಟ್‌ಮೆಂಟ್ ಕೈಕೊಟ್ಟಿದ್ದರ ಲಕ್ಷಣ ಅಲ್ಲ. ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ರುಚಿ ಬರಲು ತಿಂಗಳುಗಳೇ ಬೇಕು. ಬಾಯಿ ಒಣಗುವುದು ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ. ಐಎಂಆರ್‌ಟಿ ಎನ್ನುವ, ಕಿರಣದ ತೀವ್ರತೆಯನ್ನು ಜಾಗಕ್ಕೆ ತಕ್ಕಂತೆ ಹೊಂದಿಸುವ ವಿಧಾನದಲ್ಲಿ ಎಂಜಲಿನ ಗ್ರಂಥಿಗೆ ಬೀಳುವ ಡೋಸ್ ಕಡಿಮೆ ಮಾಡಬಹುದು. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪಾರ್‌ಸ್ಪೋರ್ಟ್ ಅಧ್ಯಯನದಲ್ಲಿ ಒಂದು ವರ್ಷದ ನಂತರ ಹಳೆಯ ವಿಧಾನದವರಲ್ಲಿ ಶೇ. 74 ಜನರಿಗೆ ಬಾಯಿ ಒಣಗುವ ತೊಂದರೆ ಗಣನೀಯವಾಗಿತ್ತು, ಐಎಂಆರ್‌ಟಿ ತೆಗೆದುಕೊಂಡವರಲ್ಲಿ ಶೇ. 38. ನಿಮ್ಮ ಕಡೆ ಯಾವ ವಿಧಾನ ಅಂತ ಕೇಳುವುದು ತಪ್ಪೇನಲ್ಲ.

ಬಾಯಿ ತೆರೆಯುವ ವ್ಯಾಯಾಮವನ್ನು ಬಹಳ ಜನ ಮೊದಲ ತಿಂಗಳು ಮಾಡಿ ಬಿಟ್ಟುಬಿಡುತ್ತಾರೆ. ದವಡೆ ಬಿಗಿಯುವುದು ನಿಧಾನಕ್ಕೆ, ತಿಂಗಳುಗಳ ಮೇಲೆ. ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಜೋಡಿಸಿ ಹಲ್ಲಿನ ಮಧ್ಯೆ ಇಟ್ಟು, ಒಂದೊಂದೇ ಕಡ್ಡಿ ಜಾಸ್ತಿ ಮಾಡುವುದು ಹಳೆಯ ಉಪಾಯ, ಈಗಲೂ ಮಾಡಿಸುತ್ತಾರೆ. ನಾಲಿಗೆಗೆ ಬೇರೆ ಕಡೆಯ ಮಾಂಸ ಜೋಡಿಸಿದ್ದರೆ ಯಾವಾಗ ಶುರು ಮಾಡಬೇಕು ಅಂತ ಸರ್ಜನ್ ಹೇಳಲಿ. ಕತ್ತು, ಭುಜದ ವ್ಯಾಯಾಮವೂ ಹಾಗೇ. ಕೆಲವು ತಿಂಗಳ ನಂತರ ತಲೆ ಬಗ್ಗಿಸಿದಾಗ ಬೆನ್ನಿನಲ್ಲಿ ಜುಂ ಅಂತ ಕರೆಂಟು ಹೊಡೆದ ಹಾಗೆ ಆದರೆ ಹೆದರಬೇಡಿ. ಸಾಮಾನ್ಯವಾಗಿ ತಾನೇ ಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ಥೈರಾಯ್ಡ್ ಮಂದವಾಗುವುದು ಸಾಮಾನ್ಯ, ಹಾಗಾಗಿ 6ರಿಂದ 12 ತಿಂಗಳಿಗೊಮ್ಮೆ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಬೇಕು.

ಈ ವಾರ ಮಾಡಬೇಕಾದ್ದು ಇಷ್ಟು: ಬಯಾಪ್ಸಿ ರಿಪೋರ್ಟ್ ಹಿಡಿದು ರೇಡಿಯೇಷನ್ ಡಾಕ್ಟರನ್ನು ನೋಡಿ, ಡೆಂಟಿಸ್ಟ್ ಹತ್ತಿರ ಹೋಗಿ, ಮಾಸ್ಕ್ ಯಾವ ದಿನ ಅಂತ ತಾರೀಖು ಬರೆಸಿಕೊಂಡೇ ಬನ್ನಿ. ಆರು ವಾರ ಅವರ ಜೊತೆ ಯಾರು ಬರುತ್ತಾರೆ ಅನ್ನುವುದನ್ನೂ ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ಮೊದಲ ಎರಡು ವಾರ ಅವರೊಬ್ಬರೇ ಬಂದು ಹೋಗಬಲ್ಲರು, ಕೊನೆಯ ಎರಡು ವಾರಕ್ಕೆ ಜೊತೆ ಬೇಕು.